ಜಿಡ್ಡು ಚರ್ಮ ಮತ್ತು ಮೊಡವೆ: ನಿತ್ಯದ ಆರೈಕೆ

ಮೊಡವೆ ಎಂದರೆ ಕೂದಲಿನ ಬುಡವೂ ಅದಕ್ಕೆ ಅಂಟಿಕೊಂಡ ಜಿಡ್ಡಿನ ಗ್ರಂಥಿಯೂ ಕಟ್ಟಿಕೊಂಡು ಊದಿಕೊಳ್ಳುವ, ವರ್ಷಗಟ್ಟಲೆ ಹೋಗಿ ಬಂದು ಮಾಡುವ ಚರ್ಮರೋಗ. ಮುಖ, ಬೆನ್ನು, ಎದೆ, ಭುಜ ಇದರ ನೆಲೆ. 2010ರ ಜಾಗತಿಕ ರೋಗಭಾರ ಅಧ್ಯಯನ ಜಗತ್ತಿನ ಶೇ. 9.4ರಷ್ಟು ಮಂದಿಗೆ ಮೊಡವೆಯಿದೆ ಎಂದು ಅಂದಾಜಿಸಿ, ಅತಿ ವ್ಯಾಪಕವಾದ ರೋಗಗಳ ಸಾಲಿನಲ್ಲಿ ಅದಕ್ಕೆ ಎಂಟನೆಯ ಸ್ಥಾನ ಕೊಟ್ಟಿತು. ಹದಿಹರೆಯದಲ್ಲಿ ಶುರುವಾಗಿ ಇಪ್ಪತ್ತೈದರ ಆಸುಪಾಸಿನಲ್ಲಿ ತಣಿಯುವುದು ವಾಡಿಕೆ. ಮೂವತ್ತು ದಾಟಿದ ಮೇಲೂ ಬಿಡದೆ ಕಾಡುವುದು ಹೆಂಗಸರಲ್ಲಿ ಹೆಚ್ಚು. "ವಯಸ್ಸಿನ ಗುಣ, ತಾನಾಗಿ ಹೋಗುತ್ತೆ ಬಿಡು" ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ. ಮೊಡವೆ ಹೋಗುವುದೇನೋ ನಿಜ. ಆದರೆ ಅದು ಬಿಟ್ಟುಹೋಗುವ ಗುಳಿ ಜೀವಮಾನವಿಡೀ ಉಳಿಯಬಹುದು. ಆದ್ದರಿಂದ ಆರೈಕೆ ಬೇಗ ಶುರುವಾಗಬೇಕು.

ಹಾಗೆ ಶುರುಮಾಡಲು ಬೇಕಾದ ಸಾಮಗ್ರಿ ಬಹಳ ಕಡಿಮೆ. ಚರ್ಮವನ್ನು ಕೆರಳಿಸದ ಒಂದು ಫೇಸ್‌ವಾಶ್, ಮೊಡವೆಯ ಮೇಲೆ ಕೆಲಸ ಮಾಡುವುದು ಸಾಬೀತಾಗಿರುವ ಒಂದು ಔಷಧ, ಹಗುರವಾದ ಒಂದು ಮಾಯಿಶ್ಚರೈಸರ್, ಹಗಲಿಗೆ ಸನ್‌ಸ್ಕ್ರೀನ್. ಇಷ್ಟನ್ನೇ ಮೂರು ತಿಂಗಳು ಬಿಡದೆ ಮಾಡುವುದು ಕಷ್ಟದ ಭಾಗ. ದಕ್ಷಿಣ ಕೊರಿಯಾದಿಂದ ಹಬ್ಬಿದ ಹತ್ತು ಹಂತಗಳ ಪದ್ಧತಿ ನಮ್ಮ ಹುಡುಗ ಹುಡುಗಿಯರ ಮೊಬೈಲುಗಳಿಗೂ ಬಂದಿದೆ. ಮೊಡವೆಯ ಮುಖಕ್ಕೆ ಅದು ಹೊಂದುವುದಿಲ್ಲ. ಹತ್ತು ಶೀಶೆಯ ದ್ರವಗಳನ್ನು ಒಂದರ ಮೇಲೊಂದು ಹಚ್ಚಿದರೆ ಯಾವುದು ಗುಣ ಕೊಟ್ಟಿತು, ಯಾವುದು ಉರಿ ತಂದಿತು ಎಂದು ಗೊತ್ತಾಗುವುದೇ ಇಲ್ಲ.

ಜಿಡ್ಡಿನ ಮೂಲ

ಅಂಗೈ, ಅಂಗಾಲು ಬಿಟ್ಟರೆ ಮೈಯ ಚರ್ಮದಲ್ಲೆಲ್ಲ ಜಿಡ್ಡಿನ ಗ್ರಂಥಿಗಳಿವೆ. ಮುಖ ಮತ್ತು ನೆತ್ತಿಯಲ್ಲಿ ಅವುಗಳ ಸಂದಣಿ ಅತಿ ಹೆಚ್ಚು, ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 400ರಿಂದ 900. ಇವು ಒಸರುವ ಸೀಬಮ್ ಎಂಬ ಜಿಡ್ಡಿನಲ್ಲಿ ಟ್ರೈಗ್ಲಿಸರೈಡ್, ಮೇಣದಂಥ ಎಸ್ಟರುಗಳು ಮತ್ತು ಸ್ಕ್ವಾಲೀನ್ ಮುಖ್ಯವಾದವು. ಯೌವನ ಕಾಲಿಡುವಾಗ ಆಂಡ್ರೋಜನ್ ಹಾರ್ಮೋನುಗಳು ಗಂಡು ಹೆಣ್ಣು ಇಬ್ಬರಲ್ಲೂ ಏರುತ್ತವೆ. ಗ್ರಂಥಿಯೊಳಗಿನ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಟೆಸ್ಟೋಸ್ಟಿರೋನನ್ನು ಇನ್ನೂ ಪ್ರಬಲವಾದ ಡೈಹೈಡ್ರೊಟೆಸ್ಟೋಸ್ಟಿರೋನಾಗಿ ಮಾರ್ಪಡಿಸುತ್ತದೆ. ಅದರ ಪ್ರಭಾವದಿಂದ ಗ್ರಂಥಿ ಹಿಗ್ಗಿ ಹಣೆ, ಮೂಗು, ಗಲ್ಲ ಮಧ್ಯಾಹ್ನದ ಹೊತ್ತಿಗೆ ಮಿರುಗತೊಡಗುತ್ತವೆ.

ಇದರಿಂದ ತಿಳಿಯಬೇಕಾದದ್ದು ಒಂದಿದೆ. ಗ್ರಂಥಿ ನಡೆಯುವುದು ಹಾರ್ಮೋನಿನ ಅಪ್ಪಣೆಯಂತೆ. ಮುಖವನ್ನು ದಿನಕ್ಕೆ ಆರು ಸಲ ತಿಕ್ಕಿ ತೊಳೆದರೂ ಮೇಲೆ ಹರಡಿದ ಜಿಡ್ಡು ಹೋಗುತ್ತದೆಯೇ ಹೊರತು ಒಳಗಿನ ಉತ್ಪತ್ತಿ ತಗ್ಗುವುದಿಲ್ಲ. ಹೆಚ್ಚು ತೊಳೆದರೆ ಗ್ರಂಥಿ ರೊಚ್ಚಿಗೆದ್ದು ದುಪ್ಪಟ್ಟು ಜಿಡ್ಡು ಸುರಿಸುತ್ತದೆ ಎಂಬ ಮಾತೂ ಪ್ರಚಾರದಲ್ಲಿದೆ. ಅದಕ್ಕೂ ಗಟ್ಟಿ ಆಧಾರವಿಲ್ಲ. ಅತಿಯಾಗಿ ತೊಳೆಯುವುದರ ನಿಜವಾದ ಕೆಡುಕು ಬೇರೆ: ಚರ್ಮದ ಹೊರಪದರ ಹರಿದು, ಉರಿ ಹತ್ತಿ, ಮುಂದೆ ಹಚ್ಚಬೇಕಾದ ಔಷಧವನ್ನು ಆ ಚರ್ಮ ತಾಳದಂತಾಗುತ್ತದೆ.

ಜಿಡ್ಡೊಂದರಿಂದಲೇ ಮೊಡವೆ ಆಗುವುದಿಲ್ಲ. ಕೂದಲಿನ ಕೊಳವೆಯ ಒಳಗೋಡೆಯಿಂದ ಉದುರಬೇಕಾದ ಸತ್ತ ಕೋಶಗಳು ಉದುರದೆ ಒಂದಕ್ಕೊಂದು ಅಂಟಿಕೊಂಡು ಜಿಡ್ಡಿನೊಂದಿಗೆ ಬಿರಡೆಯಾಗುತ್ತವೆ. ಬಾಯಿ ಮುಚ್ಚಿದ್ದರೆ ಅದು ಬಿಳಿ ಗುಳ್ಳೆ, ತೆರೆದಿದ್ದರೆ ಬ್ಲ್ಯಾಕ್‌ಹೆಡ್. ಬ್ಲ್ಯಾಕ್‌ಹೆಡ್‌ನ ಕಪ್ಪು ಕೊಳೆಯಲ್ಲ. ಮೆಲನಿನ್ ವರ್ಣಕ ಮತ್ತು ಗಾಳಿಗೆ ತೆರೆದುಕೊಂಡು ಉತ್ಕರ್ಷಣಗೊಂಡ ಜಿಡ್ಡು ಆ ಬಣ್ಣ ಕೊಡುತ್ತವೆ. ಆದ್ದರಿಂದ ಉಜ್ಜಿದರೆ ಅದು ಹೋಗದು. ಮುಚ್ಚಿದ ಕೊಳವೆಯೊಳಗೆ ಕ್ಯುಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ ಬ್ಯಾಕ್ಟೀರಿಯ ಬೆಳೆಯುತ್ತದೆ. 2016ರವರೆಗೆ ಪುಸ್ತಕಗಳಲ್ಲಿ ಇದರ ಹೆಸರು ಪ್ರೊಪಿಯೊನಿಬ್ಯಾಕ್ಟೀರಿಯಮ್ ಆಕ್ನೆಸ್ ಎಂದಿತ್ತು. ನಯವಾದ ಚರ್ಮದವರ ಮುಖದಲ್ಲೂ ಇದು ವಾಸಿಸುತ್ತದೆ, ಹಾಗಾಗಿ ಮೊಡವೆ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ, ಅಶುಚಿಯ ಲಕ್ಷಣವೂ ಅಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ಪ್ರತಿಕ್ರಿಯಿಸಿದಾಗ ಕೆಂಪು ಗುಳ್ಳೆ, ಕೀವುಗುಳ್ಳೆ, ಆಳದ ಗಂಟುಗಳು ಏಳುತ್ತವೆ.

ಕಣ್ಣಿಗೆ ಕಾಣುವ ಮೊಡವೆ ಒಳಗೆ ಶುರುವಾಗಿ ಎಷ್ಟೋ ವಾರ ಕಳೆದಿರುತ್ತದೆ. ಇಂದು ಸ್ವಚ್ಛವಾಗಿ ಕಾಣುವ ಕೆನ್ನೆಯಲ್ಲಿ ಮುಂದಿನ ತಿಂಗಳ ಮೊಡವೆಗಳ ಸೂಕ್ಷ್ಮ ಬಿರಡೆಗಳು ಆಗಲೇ ಇವೆ. ಎದ್ದ ಗುಳ್ಳೆಯ ತುದಿಗೆ ಮಾತ್ರ ಔಷಧ ಮುಟ್ಟಿಸುವ ನಮ್ಮ ಅಭ್ಯಾಸ ಇದರಿಂದಲೇ ವ್ಯರ್ಥವಾಗುತ್ತದೆ. ಮೊಡವೆ ಏಳುವ ಜಾಗಕ್ಕೆಲ್ಲ, ಗುಳ್ಳೆ ಇರಲಿ ಬಿಡಲಿ, ಔಷಧ ಹಚ್ಚಬೇಕು.

ಮುಖ ತೊಳೆಯುವ ಬಗೆ

ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ, ಅದರ ಪಿಎಚ್ 5ರ ಆಸುಪಾಸಿನಲ್ಲಿರುತ್ತದೆ. ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿಸಿ ಮಾಡಿದ ಸಾಬೂನಿನ ಪಿಎಚ್ 9ರಿಂದ 10. ಭಾರತೀಯ ಮಾನಕ ಬ್ಯೂರೊ ಮೈಸಾಬೂನುಗಳನ್ನು ಒಟ್ಟು ಕೊಬ್ಬಿನಾಂಶದ ಮೇಲೆ ವಿಂಗಡಿಸುತ್ತದೆ. ಮೊದಲ ದರ್ಜೆಗೆ ಕನಿಷ್ಠ ಶೇ. 76 ಇರಬೇಕು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ಹುಟ್ಟಿದ ಮೈಸೂರು ಸ್ಯಾಂಡಲ್ ಸಾಬೂನು ಈ ಮೊದಲ ದರ್ಜೆಯದು. ಮೈಗೆ ಅದು ಒಳ್ಳೆಯ ಸಾಬೂನು, ನಾಡಿನ ಹೆಮ್ಮೆಯೂ ಹೌದು. ಆದರೆ ದರ್ಜೆ ಹೇಳುವುದು ಕೊಬ್ಬಿನಾಂಶವನ್ನು ಮಾತ್ರ, ಕ್ಷಾರಗುಣವನ್ನಲ್ಲ. ಮೊದಲ ದರ್ಜೆಯ ಸಾಬೂನೂ ಸಾಬೂನೇ. ಮೊಡವೆಯ ಔಷಧ ಹಚ್ಚುತ್ತಿರುವ ಮುಖಕ್ಕೆ ಸಾಬೂನಲ್ಲದ, ಪಿಎಚ್ ತಗ್ಗಿಸಿದ ಸೌಮ್ಯ ಫೇಸ್‌ವಾಶ್ ಹಿತ.

ನೀರಿನ ಗಡಸೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡದೆ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಜಿಗುಟಾಗುತ್ತದೆ. ಬಕೆಟ್ಟಿನ ಅಂಚಿಗೆ ಕಟ್ಟುವ ಆ ಪೊರೆಯೇ ಮುಖದ ಮೇಲೂ ಉಳಿದು ಚರ್ಮವನ್ನು ಬಿಗಿಯುತ್ತದೆ. ಕೃತಕ ಮಾರ್ಜಕದಿಂದ ಮಾಡಿದ ಫೇಸ್‌ವಾಶಿಗೆ ಈ ತೊಂದರೆ ಕಡಿಮೆ.

ತೊಳೆಯುವುದು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಬೆವರಿ ಬಂದ ಮೇಲೆ ಒಮ್ಮೆ. ಅದಕ್ಕಿಂತ ಹೆಚ್ಚು ಬೇಡ. ನೀರು ಉಗುರುಬೆಚ್ಚಗಿರಲಿ ಅಥವಾ ತಣ್ಣಗಿರಲಿ. ಹಂಡೆಯ ಬಿಸಿನೀರು ಮುಖಕ್ಕೆ ಬೇಡ. ಮೊದಲು ಕೈ ತೊಳೆದು, ಮುಖ ಒದ್ದೆ ಮಾಡಿಕೊಂಡು, ಅಂಗೈಯಲ್ಲಿ ನೊರೆ ಎಬ್ಬಿಸಿ ಬೆರಳ ತುದಿಯಿಂದ ಅರ್ಧ ನಿಮಿಷ ಸವರಿದರೆ ಸಾಕು. ಮೂಗಿನ ಪಕ್ಕ, ಕೂದಲಿನ ಅಂಚು, ದವಡೆಯ ಕೆಳಗೆ ನೊರೆ ಉಳಿಯದಂತೆ ತೊಳೆದು, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಬೇಕು. ವಾಲ್‌ನಟ್ ಚಿಪ್ಪಿನ ಪುಡಿ ಬೆರೆಸಿದ ಸ್ಕ್ರಬ್, ನಾರು, ಬ್ರಷ್ಷು ಇವೆಲ್ಲ ಊದಿದ ಗುಳ್ಳೆಯನ್ನು ಇನ್ನಷ್ಟು ಕೆರಳಿಸುತ್ತವೆ. ಆಲ್ಕೊಹಾಲು ತುಂಬಿದ, ಹಚ್ಚಿದೊಡನೆ ಚುರುಗುಟ್ಟುವ ಟೋನರ್‌ಗಳನ್ನೂ ಕೈಬಿಡಬೇಕು. ಚುರುಗುಟ್ಟಿದರೆ ಕೆಲಸ ಮಾಡುತ್ತಿದೆ ಎಂಬ ನಂಬಿಕೆ ತಪ್ಪು.

ಔಷಧಗಳು

ಮುಖಕ್ಕೆ ಹಚ್ಚುವ ಔಷಧಗಳಲ್ಲಿ ಬುಡಕ್ಕೇ ಕೈ ಹಾಕುವವು ರೆಟಿನಾಯ್ಡ್‌ಗಳು. ಎ ಜೀವಸತ್ವದಿಂದ ಬಂದ ಇವು ಕೂದಲ ಕೊಳವೆಯ ಕೋಶಗಳು ಅಂಟಿಕೊಳ್ಳದಂತೆ ಮಾಡಿ ಸೂಕ್ಷ್ಮ ಬಿರಡೆ ಕಟ್ಟುವುದನ್ನು ತಡೆಯುತ್ತವೆ. ಅಮೆರಿಕದ ಫಿಲಡೆಲ್ಫಿಯದಲ್ಲಿ ಆಲ್ಬರ್ಟ್ ಕ್ಲಿಗ್ಮನ್, ಜೇಮ್ಸ್ ಫುಲ್ಟನ್ ಮತ್ತು ಗೆರ್ಡ್ ಪ್ಲೆವಿಗ್ 1969ರಲ್ಲಿ ಟ್ರೆಟಿನಾಯಿನ್ ಮೊಡವೆಗೆ ಪರಿಣಾಮಕಾರಿ ಎಂದು ಪ್ರಕಟಿಸಿದರು. 1971ರಲ್ಲಿ ಅಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿತು. ಇದೇ ಕ್ಲಿಗ್ಮನ್ 1950ರ ದಶಕದಿಂದ 1974ರವರೆಗೆ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಮೇಲೆ ಚರ್ಮದ ಪ್ರಯೋಗಗಳನ್ನು ನಡೆಸಿದವರು. ಕೈದಿಗಳಲ್ಲಿ ಬಹುಪಾಲು ಕಪ್ಪು ಜನ, ತಮ್ಮ ಮೇಲೆ ಏನು ನಡೆಯುತ್ತಿದೆ ಎಂದು ಅವರಿಗೆ ಸರಿಯಾಗಿ ತಿಳಿಸಿರಲಿಲ್ಲ. ಚರ್ಮವೈದ್ಯದ ಚರಿತ್ರೆ ಬರೆಯುವಾಗ ಆ ಜನರ ನೋವನ್ನು ಬಿಟ್ಟು ಬರೆಯುವುದು ಅನ್ಯಾಯ.

ಇಂದು ಹೊಸಬರಿಗೆ ಹೊಂದುವ ರೆಟಿನಾಯ್ಡ್ ಶೇ. 0.1ರ ಅಡಾಪಲೀನ್ ಜೆಲ್. ಟ್ರೆಟಿನಾಯಿನ್‌ಗಿಂತ ಇದರ ಉರಿ ಕಡಿಮೆ, ಬೆಳಕಿಗೆ ಬೇಗ ಕೆಡುವುದಿಲ್ಲ. 2016ರ ಜುಲೈಯಲ್ಲಿ ಅಮೆರಿಕ ಇದನ್ನು ಚೀಟಿಯಿಲ್ಲದೆ ಮಾರಲು ಒಪ್ಪಿತು. ನಮ್ಮಲ್ಲಿ ವೈದ್ಯರ ಸಲಹೆ ಪಡೆದು ಹಚ್ಚುವುದೇ ಸರಿ. ಹಚ್ಚುವ ಬಗೆಯಲ್ಲೇ ಹಲವರು ಎಡವುತ್ತಾರೆ. ರಾತ್ರಿ ಮುಖ ತೊಳೆದು ಪೂರ್ತಿ ಒಣಗಲು ಬಿಡಬೇಕು. ಬಟಾಣಿ ಕಾಳಿನಷ್ಟು ಜೆಲ್ ಬೆರಳ ತುದಿಗೆ ತೆಗೆದುಕೊಂಡು ಹಣೆ, ಎರಡು ಕೆನ್ನೆ, ಮೂಗು, ಗಲ್ಲಕ್ಕೆ ಚುಕ್ಕಿಯಿಟ್ಟು ತೆಳ್ಳಗೆ ಹರಡಬೇಕು. ಕಣ್ಣಿನ ಸುತ್ತ, ತುಟಿಯ ಕೊನೆ, ಮೂಗಿನ ಮಡಿಕೆ ಬಿಡಬೇಕು. ಮೊದಲ ಎರಡು ಮೂರು ವಾರ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ಆಮೇಲೆ ದಿನವೂ. ಸಿಪ್ಪೆ ಏಳುತ್ತಿದ್ದರೆ ಮೊದಲು ಮಾಯಿಶ್ಚರೈಸರ್ ಸವರಿ ಅದರ ಮೇಲೆ ಔಷಧ ಹಚ್ಚಬಹುದು. ಮೊದಲ ತಿಂಗಳಲ್ಲಿ ಮೊಡವೆ ಹೆಚ್ಚಾದಂತೆ ಕಾಣುವುದುಂಟು. ಹೆಚ್ಚಿನವರು ಟ್ಯೂಬು ಎಸೆಯುವುದು ಆಗಲೇ. ಫಲ ಕಾಣಲು 8ರಿಂದ 12 ವಾರ ಬೇಕು. ಬಸುರಿಯರು ಮತ್ತು ಬಸುರಾಗುವ ಯೋಚನೆಯಲ್ಲಿರುವವರು ರೆಟಿನಾಯ್ಡ್ ಹಚ್ಚಬಾರದು. ಅವರಿಗೆ ಅಜೆಲಾಯಿಕ್ ಆಮ್ಲ ಸುರಕ್ಷಿತವಾದ ಆಯ್ಕೆ. ಕಪ್ಪು ಕಲೆಯನ್ನೂ ಅದು ತಿಳಿಗೊಳಿಸುವುದರಿಂದ ನಮ್ಮ ಬಣ್ಣದ ಚರ್ಮಕ್ಕೆ ಅದರ ಬೆಲೆ ಹೆಚ್ಚು.

ಬೆಂಜಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯವನ್ನು ನೇರವಾಗಿ ಕೊಲ್ಲುತ್ತದೆ, ಅದಕ್ಕೆ ಬ್ಯಾಕ್ಟೀರಿಯ ಪ್ರತಿರೋಧ ಬೆಳೆಸಿಕೊಂಡದ್ದು ಕಂಡುಬಂದಿಲ್ಲ. ಶೇ. 2.5, 5, 10ರ ಪ್ರಮಾಣಗಳಲ್ಲಿ ಸಿಗುತ್ತದೆ. ಶೇ. 2.5ರದ್ದು ಕೆಂಪು ಗುಳ್ಳೆಗಳ ಮೇಲೆ ಶೇ. 10ರದ್ದರಷ್ಟೇ ಕೆಲಸ ಮಾಡುತ್ತದೆ, ಉರಿ ಮಾತ್ರ ಕಡಿಮೆ ಎಂದು 1986ರಲ್ಲೇ ತೋರಿಸಲಾಗಿದೆ. ಹಾಗಿದ್ದೂ ಜೋರಾದದ್ದೇ ಬೇಕೆಂದು ಕೇಳಿ ತರುವವರು ಬಹಳ. ಇದು ಬಟ್ಟೆಯ ಬಣ್ಣ ತೆಗೆಯುತ್ತದೆ. ಹಚ್ಚಿಕೊಂಡು ಮಲಗಿದವರ ನೀಲಿ ದಿಂಬಿನ ಹೊದಿಕೆಯಲ್ಲಿ ಬೆಳಿಗ್ಗೆ ಕಿತ್ತಳೆ ಬಣ್ಣದ ತೇಪೆ ಬಿದ್ದಿರುತ್ತದೆ, ಅದು ಒಗೆದರೆ ಹೋಗುವುದಲ್ಲ. ಬಿಳಿ ಟವೆಲು, ಬಿಳಿ ಹೊದಿಕೆ ಇಟ್ಟುಕೊಳ್ಳಬೇಕು. ಬಿಸಿಗೆ ಈ ರಾಸಾಯನಿಕ ಒಡೆದು ಬೆಂಜೀನ್ ಆಗಬಲ್ಲದು. 2025ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಪರೀಕ್ಷಿಸಿದ ಉತ್ಪನ್ನಗಳಲ್ಲಿ ಬಹುಪಾಲು ಸುರಕ್ಷಿತವಾಗಿದ್ದವು, ಕೆಲವನ್ನು ಮಾತ್ರ ಮಾರುಕಟ್ಟೆಯಿಂದ ಹಿಂದೆ ತರಿಸಲಾಯಿತು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಟ್ಯೂಬನ್ನು ಸ್ಕೂಟರಿನ ಡಿಕ್ಕಿಯಲ್ಲೋ ಕಿಟಕಿಯ ಮೇಲೋ ಬಿಡದೆ ತಂಪಾದ ಜಾಗದಲ್ಲಿಡುವುದು ಒಳ್ಳೆಯದು.

ಸ್ಯಾಲಿಸಿಲಿಕ್ ಆಮ್ಲ ಜಿಡ್ಡಿನಲ್ಲಿ ಕರಗುವುದರಿಂದ ಕೊಳವೆಯೊಳಕ್ಕೆ ಇಳಿದು ಬಿರಡೆಯನ್ನು ಸಡಿಲಿಸುತ್ತದೆ. ಶೇ. 0.5ರಿಂದ 2ರವರೆಗಿನ ಫೇಸ್‌ವಾಶ್, ಸೀರಮ್‌ಗಳಲ್ಲಿ ಇದು ಇರುತ್ತದೆ. ಬ್ಲ್ಯಾಕ್‌ಹೆಡ್ ಹೆಚ್ಚಿರುವ, ಊತ ಕಡಿಮೆಯಿರುವ ಚರ್ಮಕ್ಕೆ ಅನುಕೂಲ. ರೆಟಿನಾಯ್ಡ್‌ನಷ್ಟು ಬಲ ಇದಕ್ಕಿಲ್ಲ. ನಿಯಾಸಿನಮೈಡ್ ಜಿಡ್ಡನ್ನು ತುಸು ತಗ್ಗಿಸಿ ಕೆಂಪನ್ನು ಶಮನಗೊಳಿಸುತ್ತದೆ. ಶೇ. 4 ಅಥವಾ 5 ಸಾಕು. ಕ್ಲಿಂಡಮೈಸಿನ್‌ನಂಥ ಆಂಟಿಬಯಾಟಿಕ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚುವುದು ಅಪಾಯ, ಏಕೆಂದರೆ ಬ್ಯಾಕ್ಟೀರಿಯ ಅದಕ್ಕೆ ಒಗ್ಗಿಕೊಳ್ಳುತ್ತದೆ. ಬೆಂಜಾಯಿಲ್ ಪೆರಾಕ್ಸೈಡ್ ಜೊತೆಗೆ, ವೈದ್ಯರು ಹೇಳಿದಷ್ಟು ಕಾಲ ಮಾತ್ರ ಬಳಸಬೇಕು. 2020ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಕ್ಲಾಸ್ಕೋಟಿರೋನ್ ಆಂಡ್ರೋಜನ್ನಿನ ಕೆಲಸವನ್ನು ಚರ್ಮದಲ್ಲೇ ತಡೆಯುವ ಮೊದಲ ಲೇಪ.

ಎಲ್ಲವನ್ನೂ ಒಟ್ಟಿಗೆ ಶುರುಮಾಡಬಾರದು. ಮೊದಲ ಎರಡು ವಾರ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಅಷ್ಟೇ. ಚರ್ಮ ಒಗ್ಗಿದ ಮೇಲೆ ಒಂದೇ ಒಂದು ಔಷಧ. ಎರಡನೆಯದು ಬೇಕೆನಿಸಿದರೆ ಇನ್ನೊಂದು ತಿಂಗಳ ನಂತರ, ಒಂದು ಬೆಳಿಗ್ಗೆಗೆ, ಇನ್ನೊಂದು ರಾತ್ರಿಗೆ.

ತೇವ ಮತ್ತು ಬಿಸಿಲು

ಜಿಡ್ಡು ಮುಖಕ್ಕೆ ಮಾಯಿಶ್ಚರೈಸರ್ ಯಾಕೆ ಎಂಬ ಪ್ರಶ್ನೆ ಸಹಜ. ಜಿಡ್ಡು ಬೇರೆ, ಚರ್ಮ ಹಿಡಿದಿಟ್ಟುಕೊಂಡ ನೀರು ಬೇರೆ. ಮೇಲೆ ಎಣ್ಣೆ ಮಿರುಗುತ್ತಲೇ ಒಳಗೆ ನೀರಿನಂಶ ತಗ್ಗಿ ಚರ್ಮ ಬಿಗಿದುಕೊಂಡಿರಬಹುದು. ಮೊಡವೆಯ ಔಷಧಗಳು ಅದನ್ನು ಇನ್ನೂ ಒಣಗಿಸುತ್ತವೆ. ಗ್ಲಿಸರಿನ್, ಹಯಲುರಾನಿಕ್ ಆಮ್ಲ, ಸೆರಮೈಡ್, ಡೈಮೆಥಿಕೋನ್ ಇರುವ ಜೆಲ್ ಅಥವಾ ತೆಳು ಲೋಷನ್ ಸಾಕು. ಮಂಗಳೂರು, ಕಾರವಾರದ ಸೆಕೆಯಲ್ಲಿ ರಾತ್ರಿಗೊಮ್ಮೆ ಹಚ್ಚಿದರೂ ನಡೆಯುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಅದು ಸಾಲದು. ಲೇಬಲ್ಲಿನ ಮೇಲೆ ನಾನ್-ಕಾಮೆಡೊಜೆನಿಕ್ (ರಂಧ್ರ ಕಟ್ಟದ್ದು) ಎಂದಿದ್ದರೆ ಒಳ್ಳೆಯದೇ, ಆದರೆ ಆ ಮಾತಿಗೆ ಕಟ್ಟುನಿಟ್ಟಾದ ಕಾನೂನಿನ ಮಾನದಂಡವಿಲ್ಲ. ಯಾವ ಪದಾರ್ಥ ರಂಧ್ರ ಕಟ್ಟುತ್ತದೆ ಎಂಬ ಹಳೆಯ ಪಟ್ಟಿಗಳು ಬಹುಮಟ್ಟಿಗೆ ಮೊಲದ ಕಿವಿಯ ಮೇಲೆ ನಡೆಸಿದ ಪರೀಕ್ಷೆಗಳಿಂದ ಬಂದವು. ಮನುಷ್ಯರ ಮುಖಕ್ಕೆ ಅವು ತದ್ವತ್ ಅನ್ವಯಿಸುವುದಿಲ್ಲ.

ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ಮೊಡವೆ ಸುಲಭವಾಗಿ ಕಪ್ಪು ಕಲೆ ಬಿಟ್ಟುಹೋಗುತ್ತದೆ. ಊತದಿಂದ ಕೆರಳಿದ ಕೋಶಗಳು ಹೆಚ್ಚು ಮೆಲನಿನ್ ಸುರಿಯುವುದರ ಗುರುತು ಅದು. ಅನೇಕರಿಗೆ ಮೊಡವೆಗಿಂತ ಈ ಕಲೆಯದ್ದೇ ಚಿಂತೆ. ಬಿಸಿಲು ಕಲೆಯನ್ನು ಗಾಢಗೊಳಿಸಿ ತಿಂಗಳುಗಟ್ಟಲೆ ಉಳಿಸುತ್ತದೆ. ಆದ್ದರಿಂದ ಎಸ್‌ಪಿಎಫ್ 30 ಅಥವಾ ಹೆಚ್ಚಿನ, ಜೆಲ್ ರೂಪದ ಸನ್‌ಸ್ಕ್ರೀನ್ ಬೆಳಗಿನ ಆರೈಕೆಯ ಕೊನೆಯ ಹಂತವಾಗಬೇಕು. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಒಂದೊಂದು ಗೆರೆ ಎಳೆದಷ್ಟು ಮುಖ ಕತ್ತಿಗೆ ಬೇಕು. ಅದಕ್ಕಿಂತ ಕಡಿಮೆ ಹಚ್ಚಿದರೆ ಡಬ್ಬಿಯ ಮೇಲಿನ ಸಂಖ್ಯೆಯ ರಕ್ಷಣೆ ಸಿಗುವುದಿಲ್ಲ. ಐರನ್ ಆಕ್ಸೈಡ್ ಬೆರೆಸಿದ, ತುಸು ಬಣ್ಣವಿರುವ ಸನ್‌ಸ್ಕ್ರೀನ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುವುದರಿಂದ ಕಲೆಯಿರುವವರಿಗೆ ಹೆಚ್ಚು ಉಪಯುಕ್ತ. ಹೊಲದಲ್ಲಿ, ರಸ್ತೆಯಲ್ಲಿ ದುಡಿಯುವವರಿಗೆ ಅಗಲ ಅಂಚಿನ ಟೋಪಿ, ಕೊಡೆಯಷ್ಟು ಅಗ್ಗದ ರಕ್ಷಣೆ ಬೇರೆಯಿಲ್ಲ.

ತಲೆಗೆಣ್ಣೆ ಮತ್ತು ಮನೆಮದ್ದು

ಸುಶ್ರುತ ಸಂಹಿತೆ ಮೊಡವೆಯನ್ನು ಕ್ಷುದ್ರರೋಗಗಳ ಸಾಲಿನಲ್ಲಿ ಸೇರಿಸಿ, ಯೌವನದಲ್ಲಿ ಬೂರುಗದ ಮುಳ್ಳಿನ ಆಕಾರದಲ್ಲಿ ಏಳುವುದೆಂದು ಗುರುತಿಸಿದೆ. ಮನೆಮದ್ದಿನ ಪರಂಪರೆಯೂ ನಮ್ಮಲ್ಲಿ ಉದ್ದವಾದದ್ದು. ಅದರಲ್ಲಿ ಉಳಿಸಿಕೊಳ್ಳಬೇಕಾದದ್ದು, ಬಿಡಬೇಕಾದದ್ದು ಎರಡೂ ಇವೆ.

ಮುಲ್ತಾನಿ ಮಿಟ್ಟಿ ಜಿಡ್ಡು ಹೀರುತ್ತದೆ. ವಾರಕ್ಕೊಮ್ಮೆ ಹಚ್ಚಿ, ಪೂರ್ತಿ ಬಿರಿದು ಒಣಗುವ ಮೊದಲೇ ತೊಳೆದರೆ ಮುಖ ಹಗುರವೆನಿಸುತ್ತದೆ. ಮೊಡವೆ ಅದರಿಂದ ವಾಸಿಯಾಗುವುದಿಲ್ಲ. ಕಡಲೆಹಿಟ್ಟಿನಿಂದ ಮೃದುವಾಗಿ ತೊಳೆದರೆ ಹಾನಿಯಿಲ್ಲ, ಒಣ ಹಿಟ್ಟಿನಿಂದ ಗಸಗಸ ತಿಕ್ಕಿದರೆ ಅದೂ ಸ್ಕ್ರಬ್ಬೇ. ನಿಂಬೆರಸ ಬೇಡವೇ ಬೇಡ: ಅದರ ಆಮ್ಲ ಚರ್ಮ ಸುಡುತ್ತದೆ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆಯೆದ್ದು ಕಂದು ಗುರುತು ಬೀಳಬಹುದು. ಅಡುಗೆ ಸೋಡಾ, ಟೂತ್‌ಪೇಸ್ಟ್ ಎರಡನ್ನೂ ಮುಖದಿಂದ ದೂರವಿಡಬೇಕು.

ಹೆಚ್ಚು ಗಮನ ಕೊಡಬೇಕಾದದ್ದು ತಲೆಗೆಣ್ಣೆಗೆ. ತಲೆಗೆ ದಿನವೂ ಪೊಮೇಡ್ ಎಂಬ ಜಿಡ್ಡಿನ ಲೇಪ ಹಚ್ಚುತ್ತಿದ್ದ ಕಪ್ಪು ಗಂಡಸರ ಹಣೆ, ಕಣತಲೆಯ ಮೇಲೆ ಸಾಲುಸಾಲಾಗಿ ಗುಳ್ಳೆಗಳು ಏಳುವುದನ್ನು 1970ರಲ್ಲಿ ಪ್ಲೆವಿಗ್, ಫುಲ್ಟನ್ ಮತ್ತು ಕ್ಲಿಗ್ಮನ್ ವರ್ಣಿಸಿದರು. ಅದೇ ಚಿತ್ರ ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆಯಿಂದ ಮೂಡುತ್ತದೆ. ಬೆಳಿಗ್ಗೆ ತಲೆ ತುಂಬ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದುಕೊಂಡು ಶಾಲೆಗೆ ಹೋಗುವ ಹುಡುಗಿಯ ಹಣೆಯನ್ನು ಬೆಳಕಿನಲ್ಲಿ ಓರೆಯಾಗಿ ನೋಡಿದರೆ ಕೂದಲಿನ ಅಂಚಿನುದ್ದಕ್ಕೂ ಒಂದೇ ಗಾತ್ರದ, ಮೈಬಣ್ಣದ ಸಣ್ಣ ಗುಳ್ಳೆಗಳ ಪಟ್ಟಿ ಕಾಣುತ್ತದೆ. ಕೆಳಗಿನ ಕೆನ್ನೆ ಸ್ವಚ್ಛವಾಗಿಯೇ ಇರುತ್ತದೆ. ಎಷ್ಟು ದುಬಾರಿ ಜೆಲ್ ಹಚ್ಚಿದರೂ ಎಣ್ಣೆ ಇಳಿಯುವುದು ನಿಲ್ಲುವವರೆಗೆ ಆ ಪಟ್ಟಿ ಹೋಗದು. ಹಾಗೆಂದು ಎಣ್ಣೆಸ್ನಾನವನ್ನು ಬಿಡಬೇಕಿಲ್ಲ. ಎಣ್ಣೆಯನ್ನು ಕೂದಲಿನ ಉದ್ದಕ್ಕೆ ಹಚ್ಚಿ, ಒಂದೆರಡು ಗಂಟೆಯಲ್ಲಿ ಸೀಗೆಪುಡಿಯಿಂದಲೋ ಶಾಂಪೂವಿನಿಂದಲೋ ತೊಳೆದು, ಕೊನೆಗೆ ಮುಖ ತೊಳೆದರಾಯಿತು. ಎಣ್ಣೆ ತಲೆಯಲ್ಲಿ ರಾತ್ರಿ ಮಲಗುವುದನ್ನು ನಿಲ್ಲಿಸಬೇಕು.

ಹೆಲ್ಮೆಟ್ಟಿನ ಪಟ್ಟಿ ಒತ್ತುವ ಗಲ್ಲ, ಮಾಸ್ಕು ಉಜ್ಜುವ ಕೆನ್ನೆ, ಭಾರದ ಚೀಲ ತಾಗುವ ಬೆನ್ನು ಇಲ್ಲೆಲ್ಲ ಒತ್ತಡ ಮತ್ತು ಬೆವರಿನಿಂದಲೇ ಮೊಡವೆ ಏಳುತ್ತದೆ. ಹೆಲ್ಮೆಟ್ಟಿನ ಒಳಬಟ್ಟೆಯನ್ನು ಒಗೆಯುತ್ತಿರಬೇಕು. ಕರಾವಳಿಯ ಸೆಕೆಯಲ್ಲಿ ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಗುಳ್ಳೆಗಳು ಎದ್ದು ಜೋರಾಗಿ ತುರಿಸಿದರೆ ಅದು ಮೊಡವೆ ಅಲ್ಲದಿರಬಹುದು. ಮಲಸ್ಸೀಜಿಯ ಎಂಬ ಶಿಲೀಂಧ್ರ ಕೂದಲ ಬುಡಗಳಲ್ಲಿ ಬೆಳೆದಾಗ ಹೀಗಾಗುತ್ತದೆ. ಆಂಟಿಬಯಾಟಿಕ್ ಕೊಟ್ಟರೆ ಅದು ಹೆಚ್ಚುತ್ತದೆ, ಶಿಲೀಂಧ್ರ ನಿವಾರಕಕ್ಕೆ ಬಗ್ಗುತ್ತದೆ.

ಸ್ಟೀರಾಯ್ಡ್ ಮುಲಾಮು

ಭಾರತದಲ್ಲಿ ಮೊಡವೆಯ ಮುಖಗಳಿಗೆ ಆಗುವ ದೊಡ್ಡ ಅನಾಹುತ ಮೆಡಿಕಲ್ ಶಾಪಿನ ಕಟ್ಟೆಯಿಂದ ಬರುತ್ತದೆ. ಮೊಡವೆಗೆ, ಕಲೆಗೆ, ಬೆಳ್ಳಗಾಗಲು ಎಂದು ಕೇಳಿದವರ ಕೈಗೆ ಸ್ಟೀರಾಯ್ಡ್ ಇರುವ ಟ್ಯೂಬು ಬರುತ್ತದೆ. ಸ್ಟೀರಾಯ್ಡ್ ಜೊತೆ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಸೇರಿಸಿದ ಮುಲಾಮುಗಳೂ ಇವೆ. ಹಚ್ಚಿದ ವಾರದೊಳಗೆ ಊತ ಇಳಿದು ಮುಖ ತಿಳಿಯಾಗುತ್ತದೆ. ಆ ಮೊದಲ ವಾರವೇ ಮೋಸ. ಕೆಲವು ತಿಂಗಳಲ್ಲಿ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಮುಖದ ಮೇಲೆ ರೋಮ ಹೆಚ್ಚುತ್ತದೆ, ಬಿಸಿಲಿಗೆ ಉರಿಯುತ್ತದೆ, ಹಿಂದಿಗಿಂತ ದಟ್ಟವಾಗಿ ಮೊಡವೆ ಏಳುತ್ತದೆ. ನಿಲ್ಲಿಸಿದರೆ ಮುಖ ಕೆಂಪಾಗಿ ಊದುವುದರಿಂದ ಮತ್ತೆ ಅದೇ ಟ್ಯೂಬಿಗೆ ಕೈ ಹೋಗುತ್ತದೆ.

2011ರಲ್ಲಿ ಪ್ರಕಟವಾದ, ದೇಶದ 12 ಕೇಂದ್ರಗಳಲ್ಲಿ ನಡೆದ ಅಧ್ಯಯನ ಮುಖದ ಚರ್ಮರೋಗಕ್ಕೆ ಬಂದ 2,926 ಮಂದಿಯನ್ನು ಪರೀಕ್ಷಿಸಿ, ಅವರಲ್ಲಿ 433 ಮಂದಿ ಸ್ಟೀರಾಯ್ಡ್ ಹಚ್ಚುತ್ತಿದ್ದುದನ್ನು ಕಂಡಿತು. ಅವರಿಗೆ ಆಗಿದ್ದ ತೊಂದರೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಮೊಡವೆಯೇ. ಭಾರತೀಯ ಚರ್ಮವೈದ್ಯರ ಸಂಘ ಇದರ ವಿರುದ್ಧ ವರ್ಷಗಳ ಕಾಲ ಹೋರಾಡಿತು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಕಾನೂನು ಬಂದರೂ ಮಾರಾಟ ನಿಂತಿಲ್ಲ. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್, ಫ್ಲುವೊಸಿನೊಲೋನ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದ್ದರೆ ಅದು ಮೊಡವೆಯ ಔಷಧವಲ್ಲ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದವರು ಅದನ್ನು ಬಿಡುವುದೂ ಚರ್ಮವೈದ್ಯರ ನಿಗಾದಲ್ಲೇ ಆಗಬೇಕು.

ಊಟ ತಿಂಡಿ

ಪಪುವಾ ನ್ಯೂಗಿನಿಯ ಕಿಟಾವ ದ್ವೀಪದ ಮತ್ತು ಪರಾಗ್ವೆಯ ಆಚೆ ಬುಡಕಟ್ಟಿನ ಜನರಲ್ಲಿ ಮೊಡವೆಯೇ ಕಾಣಲಿಲ್ಲವೆಂದು 2002ರಲ್ಲಿ ಲೊರೆನ್ ಕಾರ್ಡೇನ್ ಮತ್ತು ಸಂಗಡಿಗರು ಬರೆದು, ಅದಕ್ಕೆ ಅವರ ಊಟದ ಕ್ರಮವೂ ಕಾರಣವಿರಬಹುದು ಎಂದರು. 2007ರಲ್ಲಿ ಆಸ್ಟ್ರೇಲಿಯದಲ್ಲಿ 43 ಯುವಕರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ, ರಕ್ತದ ಸಕ್ಕರೆಯನ್ನು ಬೇಗ ಏರಿಸದ ಆಹಾರ ತಿಂದವರ ಮೊಡವೆ ಹೆಚ್ಚು ಇಳಿಯಿತು. ಸಕ್ಕರೆ ಪಾನೀಯ, ಬೇಕರಿ ತಿನಿಸು ಕಡಿಮೆ ಮಾಡುವುದರಲ್ಲಿ ಅರ್ಥವಿದೆ. ಜಿಮ್ಮಿಗೆ ಹೋಗುವ ಹುಡುಗರು ಕುಡಿಯುವ ವೇ ಪ್ರೊಟೀನ್ ಕೆಲವರಲ್ಲಿ ಮೊಡವೆ ಹೆಚ್ಚಿಸುತ್ತದೆ. ಒಗ್ಗರಣೆಯ ಎಣ್ಣೆ ಮುಖದಲ್ಲಿ ಜಿಡ್ಡಾಗಿ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ.

ವೈದ್ಯರ ಬಳಿಗೆ

ಆಳದ, ಮುಟ್ಟಿದರೆ ನೋಯುವ ಗಂಟುಗಳು ಎದ್ದರೆ, ಗುಳಿ ಬೀಳತೊಡಗಿದರೆ, ಮೂರು ತಿಂಗಳ ಆರೈಕೆಗೆ ಬಗ್ಗದಿದ್ದರೆ ಚರ್ಮವೈದ್ಯರನ್ನು ನೋಡಲೇಬೇಕು. ಹೆಂಗಸರಲ್ಲಿ ಮುಟ್ಟು ಏರುಪೇರಾಗಿ ದವಡೆಯ ಸಾಲಿನಲ್ಲಿ ಮೊಡವೆ, ಗಲ್ಲದ ಮೇಲೆ ಒರಟು ಕೂದಲು ಬಂದರೆ ಪಿಸಿಒಎಸ್ ಎಂಬ ಅಂಡಾಶಯದ ಹಾರ್ಮೋನು ತೊಂದರೆ ಇದೆಯೇ ಎಂದು ಪರೀಕ್ಷಿಸಬೇಕು. ಆಗ ಮುಲಾಮು ಒಂದರಿಂದ ಆಗದು, ಹಾರ್ಮೋನಿಗೆ ಚಿಕಿತ್ಸೆ ಬೇಕು. ತೀವ್ರ ಮೊಡವೆಗೆ 1982ರಿಂದ ಬಳಕೆಯಲ್ಲಿರುವ ಐಸೊಟ್ರೆಟಿನಾಯಿನ್ ಮಾತ್ರೆ ಜಿಡ್ಡಿನ ಗ್ರಂಥಿಯನ್ನೇ ಕುಗ್ಗಿಸುತ್ತದೆ, ಅನೇಕರಲ್ಲಿ ರೋಗ ಮರುಕಳಿಸದಂತೆ ಮಾಡುತ್ತದೆ. ತುಟಿ ಒಡೆಯುವುದು ಎಲ್ಲರಿಗೂ ಇದ್ದದ್ದೇ. ಗರ್ಭದಲ್ಲಿರುವ ಮಗುವಿಗೆ ಅದು ಘೋರ ಊನ ತರುತ್ತದೆ, ಹಾಗಾಗಿ ಮಾತ್ರೆ ತೆಗೆದುಕೊಳ್ಳುವಷ್ಟು ಕಾಲ ಮತ್ತು ನಿಲ್ಲಿಸಿದ ಮೇಲೆ ಒಂದು ತಿಂಗಳು ಬಸುರಾಗಬಾರದು. ಆ ಅವಧಿಯಲ್ಲಿ ರಕ್ತದಾನವನ್ನೂ ಮಾಡಬಾರದು.

ಜಿಲ್ಲಾ ಆಸ್ಪತ್ರೆಗಳಲ್ಲಿ, ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಚರ್ಮರೋಗ ವಿಭಾಗವಿದೆ. ಅಲ್ಲಿಗೆ ಹೋಗುವಾಗ ಮುಖಕ್ಕೆ ಇದುವರೆಗೆ ಹಚ್ಚಿದ ಟ್ಯೂಬು, ಶೀಶೆ, ನುಂಗಿದ ಮಾತ್ರೆಯ ಪಟ್ಟಿ, ತಲೆಗೆಣ್ಣೆಯ ಬಾಟಲಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮುಂದೆ ಇಡಿ, ಯಾವುದನ್ನೂ ಮುಚ್ಚಿಡಬೇಡಿ.